ಸ್ಪೇಸ್‌ಶಿಪ್‌ನಲ್ಲಿ ನೀರು ಯಾರು ತುಂಬುತ್ತಾರೆ?

ಎಲ್ಲರಿಗೂ ದೀಪಾವಳಿ ಮತ್ತು ರಾಜ್ಯೋತ್ಸವದ ಶುಭಾಶಯಗಳು. ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಈ ಸಂಚಿಕೆ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಈಗ ರಾತ್ರಿ ಹನ್ನೊಂದು ದಾಟಿದೆ, ಈ ಒಂದು ಪುಟ ಮಾತ್ರ ಖಾಲಿ ಉಳಿದಿದೆ. ನಾಡು-ನುಡಿಯ ಬಗ್ಗೆ ಬರೆಯೋಣ ಅಂತಲೇ ಕೂತೆ. ಆದರೆ ಮೊನ್ನೆ ನೀರು ತುಂಬುವ ಹಬ್ಬದ ಸಂಜೆ ಗೆಳತಿಯ ಮಗ ಕೇಳಿದ ಮಾತು ತಲೆಯಲ್ಲೇ ಸುತ್ತುತ್ತಿದೆ. ಬೇರೆ ಏನೂ ಬರೆಯಲು ಬಿಡುತ್ತಿಲ್ಲ.

ಊರಿಂದ ಹೊತ್ತು ತಂದ ತಾಮ್ರದ ಹಂಡೆ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಚೆಂಡು ಹೂವಿನ ಸರ ಕಟ್ಟಿ ನಳದ ಕೆಳಗೆ ಇಟ್ಟಿದ್ದೆ. ಹುಡುಗ ಆಟಿಕೆ ರಾಕೆಟ್ ಹಿಡಿದುಕೊಂಡು ನೋಡುತ್ತಾ ನಿಂತಿದ್ದ. "ಆಂಟಿ, ನೀವು ಯಾವಾಗಲೂ ನೋಡ್ತೀರಲ್ಲ ಆ ಸೀರೀಸು, ಅದರ ಸ್ಪೇಸ್‌ಶಿಪ್‌ನಲ್ಲಿ ನೀರು ಯಾರು ತುಂಬ್ತಾರೆ?" ಅಂದ.

ಸೈ-ಫೈ (ವಿಜ್ಞಾನದ ಕಲ್ಪನೆ ಹೆಣೆದ) ಸಿನಿಮಾ, ಸೀರೀಸು ಅಂದರೆ ನನಗೆ ಪ್ರಾಣ ಅನ್ನೋದು ಸಂಘದವರಿಗೆಲ್ಲ ಗೊತ್ತೇ ಇದೆ. ಒಂದು ಸಿನಿಮಾ ಯಾಕೆ ಹಿಡಿಸಿತು, ಇನ್ನೊಂದು ಯಾಕೆ ಹಿಡಿಸಲಿಲ್ಲ ಅಂತ ಪಾಟ್‌ಲಕ್‌ಗಳಲ್ಲಿ ಗಂಟೆಗಟ್ಟಲೆ ವಾದ ಮಾಡಿದ್ದೇವೆ. ಆ ವಾದವನ್ನೆಲ್ಲ ಈ ಹುಡುಗ ಒಂದೇ ಮಾತಿಗೆ ತಂದು ನಿಲ್ಲಿಸಿದ. ನೀರು ಎಲ್ಲಿಂದ ಬರುತ್ತೆ, ಯಾರು ತರ್ತಾರೆ, ಯಾರ ಪಾಳಿ ಮೊದಲು? ಇದಕ್ಕೆ ಉತ್ತರ ಇಟ್ಟುಕೊಂಡಿರುವ ಕತೆ ನನಗೆ ನಿಜ ಅನಿಸುತ್ತೆ. ಉತ್ತರ ಇಲ್ಲದ ಕತೆಯಲ್ಲಿ ಗ್ರಾಫಿಕ್ಸ್ ಎಷ್ಟೇ ಜೋರಾಗಿರಲಿ, ಎರಡನೇ ಸಲ ನೋಡಲು ಮನಸ್ಸು ಬರಲ್ಲ.

ಬಿಜಾಪುರದಲ್ಲಿ (ಈಗ ವಿಜಯಪುರ, ನನ್ನ ಬಾಯಿಗೆ ಮಾತ್ರ ಇನ್ನೂ ಹಳೇ ಹೆಸರೇ) ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಬರುತ್ತಿತ್ತು. ಸ್ಪೇಸ್‌ಶಿಪ್‌ನಲ್ಲಿ ಗ್ರಹದಿಂದ ಗ್ರಹಕ್ಕೆ ಸುತ್ತುವವರ ಕತೆ. ಅಮೆರಿಕದಲ್ಲಿ ಅದು 1966ರಿಂದ 1969ರವರೆಗೆ ನಡೆದು ಮುಗಿದುಹೋಗಿದ್ದ ಸೀರೀಸು. ನಮಗೆ ಮಾತ್ರ ಹೊಚ್ಚ ಹೊಸದು. ನಮ್ಮ ಓಣಿಯಲ್ಲಿ ಟೀವಿ ಇದ್ದದ್ದು ಮಾಸ್ತರರ ಮನೆಯಲ್ಲಿ. ಮರದ ಬಾಗಿಲು ಸರಿಸುವ ಬ್ಲ್ಯಾಕ್ ಅಂಡ್ ವೈಟ್ ಸೆಟ್ಟು, ಮೇಲೆ ಕಸೂತಿ ಹಾಕಿದ ಬಟ್ಟೆ. ಮಾಸ್ತರರು ಇಂಗ್ಲಿಷ್ ಕೇಳಿ ಕೇಳಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಆ ಹಡಗಿನ ಅಧಿಕಾರಿ ಸ್ಪಾಕ್ ಬಂದರೆ ಸಾಕು, "ನೋಡ್ರಿ, ಈ ಮನಷ್ಯಾಗ ಸಿಟ್ಟ ಬರೂದಿಲ್ಲ" ಅಂತ ಪ್ರತಿ ವಾರ ಅದೇ ಮಾತು. ನಾವು ಪ್ರತಿ ವಾರ ಬೆರಗಾಗುತ್ತಿದ್ದೆವು.

ತೊಂದರೆ ಏನಂದರೆ ನಳ ಬರುತ್ತಿದ್ದದ್ದೂ ಹೆಚ್ಚಾಗಿ ಅದೇ ಹೊತ್ತಿಗೆ. ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ, ಕೆಲವೊಮ್ಮೆ ವಾರಕ್ಕೊಮ್ಮೆ ಬರೋದು. ಬಂದರೆ ಒಂದು ತಾಸು ಇರಬಹುದು, ಅರ್ಧ ತಾಸಿಗೇ ನಿಲ್ಲಲೂಬಹುದು. ಹುಡುಗಿಯರೆಲ್ಲ ಬೆಳಿಗ್ಗೆಯೇ ಖಾಲಿ ಕೊಡ ಪಾಳಿಗೆ ಇಟ್ಟು, ಗಾಳಿಗೆ ಉರುಳದಂತೆ ಒಳಗೊಂದು ಕಲ್ಲು ಹಾಕಿ, ಮಾಸ್ತರರ ಮನೆಗೆ ಓಡುತ್ತಿದ್ದೆವು. ಕಣ್ಣು ಟೀವಿ ಮೇಲೆ, ಕಿವಿ ಬೀದಿ ಮೇಲೆ. ನೀರು ಬರುವ ಮೊದಲು ನಳ ಸುಸ್ಸ್ ಅಂತ ಗಾಳಿ ಉಗುಳುತ್ತೆ, ಆಮೇಲೆ ನಾಲ್ಕು ಸಲ ಕೆಮ್ಮಿದ ಹಾಗೆ ಮಾಡಿ ಕೆಂಪು ನೀರು ಬಿಡುತ್ತೆ, ಅದು ತಿಳಿಯಾಗುವಷ್ಟರಲ್ಲಿ ನೀವು ಅಲ್ಲಿ ಇರಬೇಕು. ಇಲ್ಲದಿದ್ದರೆ ನಿಮ್ಮ ಕೊಡ ಹಿಂದಕ್ಕೆ ಹೋಗಿರುತ್ತೆ.

ಒಂದು ಭಾನುವಾರದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತು ಬಂದದ್ದು ಡೆವಿಲ್ ಇನ್ ದ ಡಾರ್ಕ್ ಅನ್ನೋ ಎಪಿಸೋಡು, 1967ರದ್ದು. ಯಾವುದೋ ದೂರದ ಗ್ರಹದ ಗಣಿ. ಕತ್ತಲ ಸುರಂಗ. ಅಲ್ಲೊಂದು ಮೃಗ ಕೆಲಸದವರನ್ನು ಒಬ್ಬೊಬ್ಬರನ್ನಾಗಿ ಸುಟ್ಟು ಕೊಲ್ಲುತ್ತಿದೆ. ಗಣಿ ಸಾಹೇಬನ ಟೇಬಲ್ ಮೇಲೆ ದುಂಡಗಿನ ಕಲ್ಲು ಒಂದಿದೆ, ಸ್ಪಾಕ್ ಅದನ್ನು ತಿರುಗಿಸಿ ತಿರುಗಿಸಿ ನೋಡ್ತಾನೆ. ಹಡಗಿನ ಕ್ಯಾಪ್ಟನ್ ಕಿರ್ಕ್ ಒಬ್ಬನೇ ಸುರಂಗದಲ್ಲಿ ಸಿಕ್ಕಿಹಾಕಿಕೊಂಡ, ಮೃಗ ಎದುರಿಗೇ ಬಂತು, ನಾವು ಉಸಿರು ಬಿಗಿ ಹಿಡಿದಿದ್ದೆವು. ಅಷ್ಟರಲ್ಲಿ ಬೀದಿಯಿಂದ ಕೂಗು. "ನಳಾ ಬಂತು, ಬರ್ರ್ಯೋ!"

ಹುಡುಗಿಯರೆಲ್ಲ ಎದ್ದು ಓಡಿದೆವು. ಮಾಸ್ತರರ ಹೆಂಡತಿಗೆ ಮೈಯಲ್ಲಿ ಹುಷಾರಿರಲಿಲ್ಲ ಅಂತ ಅವತ್ತು ಮಾಸ್ತರರೂ ಕೊಡ ಹಿಡಿದು ಎದ್ದರು. ಟೀವಿ ಮುಂದೆ ಉಳಿದವರು ಗಂಡು ಹುಡುಗರು ಮಾತ್ರ. ನಾನು ತುಂಬಿದ ಕೊಡ ಸೊಂಟದ ಮೇಲೆ ಇಟ್ಟುಕೊಂಡು ಬರುವಾಗ ಅಣ್ಣ ಎದುರಿಗೆ ಸಿಕ್ಕ. "ಏನಾತೋ?" ಅಂದೆ. "ಏನ್ ಆಗೂದೈತಿ, ಕೊಂದ್ರು" ಅಂದ. ಇಂಗ್ಲಿಷ್ ಹೇಳುವವರು ಇಲ್ಲದೆ ಅವನಿಗೆ ತಿಳಿದದ್ದು ಅಷ್ಟು. ನಾನೂ ಎಷ್ಟೋ ವರ್ಷ ಹಾಗೇ ನಂಬಿಕೊಂಡಿದ್ದೆ. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಹೊರಗೆ ಕಾಲಿಡಲು ಆಗದಷ್ಟು ಹಿಮ ಬಿದ್ದ ಒಂದು ದಿನ, ಲೈಬ್ರರಿಯಿಂದ ತಂದ ಕ್ಯಾಸೆಟ್‌ನಲ್ಲಿ ಉಳಿದರ್ಧ ನೋಡಿದೆ. ಯಾರೂ ಅದನ್ನು ಕೊಂದಿರಲಿಲ್ಲ. ಆ ಮೃಗ ಒಬ್ಬಳು ತಾಯಿ. ಗಣಿಯವರು ಸುರಂಗದಲ್ಲಿ ಒಡೆದು ಬಿಸಾಡುತ್ತಿದ್ದ ದುಂಡು ಕಲ್ಲುಗಳು ಅವಳ ಮೊಟ್ಟೆಗಳು. ಸ್ಪಾಕ್ ಅವಳ ಮೈ ಮುಟ್ಟಿ, ಅವಳ ನೋವನ್ನು ತನ್ನ ಬಾಯಿಂದ ಕೂಗುತ್ತಾನೆ. ಆಮೇಲೆ ಗಣಿಯವರಿಗೂ ಅವಳಿಗೂ ಒಂದು ಒಪ್ಪಂದ ಆಗುತ್ತೆ. ಅವಳ ಮರಿಗಳು ಕಲ್ಲು ಕೊರೆಯುತ್ತಾ ಹೋಗ್ತವೆ, ಇವರು ಹಿಂದಿನಿಂದ ಅದಿರು ತೆಗೀತಾರೆ, ಒಬ್ಬರ ತಂಟೆಗೆ ಒಬ್ಬರು ಹೋಗಲ್ಲ. ನಾನು ಸೋಫಾ ಮೇಲೆ ಕೂತು ಅತ್ತೆ. ಮೃಗದ ವೇಷ ಒಂದು ಕಂಬಳಿ ಹೊದ್ದು ತೆವಳಿದ ಹಾಗೆ ಕಾಣುತ್ತೆ, ಖರ್ಚೇ ಮಾಡಿಲ್ಲ, ಆದರೂ ಇವತ್ತಿನ ಯಾವ ಗ್ರಾಫಿಕ್ಸ್ ಪ್ರಾಣಿಯೂ ನನಗೆ ಅಷ್ಟು ಹತ್ತಿರ ಆಗಿಲ್ಲ.

ಅಷ್ಟೆಲ್ಲ ಪ್ರೀತಿ ಇದ್ದರೂ ಹುಡುಗನ ಪ್ರಶ್ನೆಗೆ ಸ್ಟಾರ್ ಟ್ರೆಕ್‌ನಲ್ಲಿ ಉತ್ತರ ಇಲ್ಲ. ಅಲ್ಲಿ ಗುಂಡಿ ಒತ್ತಿದರೆ ಊಟ ಬರುತ್ತೆ. 1987ರಲ್ಲಿ ಶುರುವಾದ ಮುಂದಿನ ಪೀಳಿಗೆಯ ಸೀರೀಸಿನಲ್ಲಂತೂ ಗೋಡೆಗೆ ಹೇಳಿದರೆ ಬಿಸಿ ಚಹಾ ಪ್ರತ್ಯಕ್ಷ. ಹಸಿವು ನೀಗಿದ ಮೇಲೆ ಮನುಷ್ಯರು ಎಷ್ಟು ಒಳ್ಳೆಯವರಾಗಬಹುದು ಅನ್ನೋದು ಅದರ ಕನಸು. ಒಳ್ಳೆ ಕನಸೇ. ಅದನ್ನು ನಾನು ಯಾರಿಗೂ ಬಿಟ್ಟುಕೊಡಲ್ಲ.

ಆದರೆ ನನ್ನ ಮಟ್ಟಿಗೆ ಟೀವಿಯಲ್ಲಿ ಬಂದ ಅತ್ಯುತ್ತಮ ಸೈ-ಫೈ ಅಂದರೆ ದಿ ಎಕ್ಸ್‌ಪ್ಯಾನ್ಸ್. 2015ರಿಂದ 2022ರವರೆಗೆ, ಆರು ಸೀಸನ್. ಮೊದಲ ಎಪಿಸೋಡಿನಲ್ಲೇ ನೀರಿನ ಜಗಳ! ಮಂಗಳ, ಗುರು ಗ್ರಹಗಳ ನಡುವೆ ಸೀರಿಸ್ ಅನ್ನೋ ಪುಟ್ಟ ಲೋಕ. ಅಲ್ಲಿನ ಮಂಜುಗಡ್ಡೆಯನ್ನೆಲ್ಲ ಭೂಮಿಯವರು, ಮಂಗಳದವರು ಯಾವಾಗಲೋ ಬಾಚಿಕೊಂಡು ಹೋಗಿಯಾಗಿದೆ. ಈಗ ಅಲ್ಲಿನ ಜನ ಶನಿಯ ಬಳೆಗಳಿಂದ ಹಡಗು ಹೊತ್ತು ತರುವ ಮಂಜುಗಡ್ಡೆಗೆ ಕಾದು ಕೂರಬೇಕು. ಒಂದು ಹಡಗು ಬರದಿದ್ದರೆ ಇಡೀ ಊರು ಬೀದಿಗಿಳಿಯುತ್ತೆ. ನೋಡುತ್ತಾ ಕೂತವಳಿಗೆ ಟ್ಯಾಂಕರ್ ಬರಲಿಲ್ಲ ಅಂತ ಖಾಲಿ ಕೊಡ ಹಿಡಿದು ರಸ್ತೆಯಲ್ಲಿ ಕೂತ ನಮ್ಮ ಕಡೆಯ ಹೆಂಗಸರೇ ಕಂಡರು.

ಮಾಡಿದವರು ಸಣ್ಣ ಸಣ್ಣದಕ್ಕೂ ಲಕ್ಷ್ಯ ಕೊಟ್ಟಿದ್ದಾರೆ. ಸೀರಿಸ್ ಗರಗರ ತಿರುಗುತ್ತಿರುತ್ತೆ, ಆ ತಿರುಗುವಿಕೆಯಿಂದಲೇ ಅಲ್ಲಿನವರಿಗೆ ತೂಕ. ಹಾಗಾಗಿ ಅಲ್ಲಿನ ಒಬ್ಬ ಪತ್ತೇದಾರ ಗ್ಲಾಸಿಗೆ ಸುರಿಯುವಾಗ ಧಾರೆ ನೆಟ್ಟಗೆ ಬೀಳಲ್ಲ, ಪಕ್ಕಕ್ಕೆ ಬಾಗಿ ಗ್ಲಾಸಿಗೆ ಇಳಿಯುತ್ತೆ. ಯಾರೂ ಅದರ ಬಗ್ಗೆ ಮಾತಾಡಲ್ಲ, ಅವರಿಗೆ ಅದು ದಿನದ ಮಾತು. ಹಡಗುಗಳು ಅರ್ಧ ದಾರಿ ಎಂಜಿನ್ ಉರಿಸಿ ವೇಗ ಹೆಚ್ಚಿಸಿಕೊಂಡು, ಆಮೇಲೆ ಹಿಂದುಮುಂದಾಗಿ ತಿರುಗಿ, ಉಳಿದರ್ಧ ದಾರಿ ಅದೇ ಎಂಜಿನ್ನನ್ನು ಬ್ರೇಕ್ ಥರ ಬಳಸುತ್ತವೆ. ಅಲ್ಲಿನ ದುಡಿಯುವ ಜನ ಮಾತಾಡುವಾಗ ಕೈಯನ್ನು ದೊಡ್ಡದಾಗಿ ಆಡಿಸ್ತಾರೆ. ಯಾಕಂದರೆ ಹೆಲ್ಮೆಟ್ ಒಳಗೆ ಮುಖ ಕಾಣಲ್ಲ. ಅವರ ಮಾತೂ ಹತ್ತಾರು ಭಾಷೆ ಕೂಡಿದ್ದು. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದೇ ಉಸಿರಲ್ಲಿ ಕೇಳಿದವರಿಗೆ ಅದೇನೂ ಹೊಸದಲ್ಲ ಬಿಡಿ. ನೋಡದವರು ಈ ಚಳಿಗಾಲ ನೋಡಿ. ಮೊದಲ ನಾಲ್ಕು ಎಪಿಸೋಡು ಸ್ವಲ್ಪ ತಾಳ್ಮೆ ಬೇಕು.

ಅದಾದ ಮೇಲೆ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ, 2004ರಿಂದ 2009ರ ಹೊಸದು. ಲೋಕಗಳೆಲ್ಲ ನಾಶವಾಗಿ, ಉಳಿದವರು ಹಡಗುಗಳಲ್ಲಿ ಓಡುತ್ತಿರುವ ಕತೆ. ಅದರ ಮೊದಲ ಸೀಸನ್ನಿನ ಎರಡನೇ ಎಪಿಸೋಡಿನ ಹೆಸರೇ ವಾಟರ್. ಟ್ಯಾಂಕುಗಳು ಸ್ಫೋಟವಾಗಿ ಅರ್ಧಕ್ಕಿಂತ ಜಾಸ್ತಿ ನೀರು ಬಾಹ್ಯಾಕಾಶಕ್ಕೆ ಚೆಲ್ಲಿಹೋಗುತ್ತೆ, ಶತ್ರುವಿನ ಮಾತು ಹಾಗಿರಲಿ, ಮೊದಲು ನೀರು ಹುಡುಕಿ ಅಂತ ಎಲ್ಲರೂ ಹೊರಡ್ತಾರೆ. ಅದರಲ್ಲಿ ಅಧ್ಯಕ್ಷೆಯ ಕೋಣೆಯಲ್ಲಿ ಒಂದು ಬಿಳಿ ಬೋರ್ಡು ಇದೆ. ಉಳಿದವರ ಲೆಕ್ಕ ಅದರ ಮೇಲೆ. ಪ್ರತಿ ಸಾವಿಗೂ ಒರೆಸಿ ಕಡಿಮೆ ಮಾಡ್ತಾಳೆ. ಒಂದು ಮಗು ಹುಟ್ಟಿದ ಸುದ್ದಿ ಬಂದಾಗ ಎದ್ದು ಹೋಗಿ ಒಂದು ಕೂಡಿಸ್ತಾಳೆ.

ಬಾಗಲಕೋಟೆಯ ನನ್ನ ಸೋದರತ್ತೆ ಇಲ್ಲಿಗೆ ಬಂದಿದ್ದಾಗ ಇದನ್ನು ನನ್ನ ಜೊತೆ ಕೂತು ನೋಡಿದರು. ಅವರದ್ದು ಹಳೇ ಬಾಗಲಕೋಟೆಯ ಮನೆ, ಆಲಮಟ್ಟಿ ಹಿನ್ನೀರಿಗೆ ಮುಳುಗಡೆ ಆಯ್ತು, ಈಗ ನವನಗರದಲ್ಲಿದ್ದಾರೆ. ಬೋರ್ಡು ತೋರಿಸಿದಾಗ ನಾನು ಅರ್ಥ ಹೇಳಲು ಹೋದೆ. ಅತ್ತೆ ತಡೆದರು. "ಗೊತ್ತಾತ್ ಬಿಡವಾ. ನಮ್ಮ ಓಣ್ಯಾಗೂ ಹಿಂಗ ಮನಿ ಎಣಸಿ ಗ್ವಾಡಿ ಮ್ಯಾಲ ನಂಬರ್ ಬರದು ಹೋಗಿದ್ರು" ಅಂದರು. ಆಮೇಲೆ ದಿನಾ ಸಂಜೆ ದೇವರಿಗೆ ದೀಪ ಹಚ್ಚಿ ಬಂದು, "ಹಚ್ಚು, ಅವರಿಗೆ ಊರು ಸಿಕ್ತೋ ಇಲ್ಲೋ ನೋಡೂಣು" ಅನ್ನುತ್ತಿದ್ದರು. ಸೈ-ಫೈ ಅಂದರೆ ಹುಡುಗರ ಆಟ ಅನ್ನುವವರಿಗೆ ನಾನು ನಮ್ಮ ಅತ್ತೆಯ ಕತೆ ಹೇಳ್ತೀನಿ.

ಮರಳುಗಾಡಿನ ಗ್ರಹದ ಕತೆ ಹೇಳುವ ಡ್ಯೂನ್ ಸಿನಿಮಾ ಬಗ್ಗೆ ನಮ್ಮಲ್ಲಿ ಎರಡು ಪಂಗಡ ಇವೆ. ನಿಧಾನ ಅಂತಾರೆ ಕೆಲವರು. ನನಗೆ ಆ ನಿಧಾನವೇ ಬೇಕು. 2021ರ ಮೊದಲ ಭಾಗದಲ್ಲಿ ಅರಮನೆಯ ಅಂಗಳದ ಖರ್ಜೂರದ ಮರಗಳಿಗೆ ಮಾಲಿ ನೀರು ಹಾಕುವ ಒಂದು ದೃಶ್ಯ ಇದೆ. ಒಂದು ಮರ ದಿನಕ್ಕೆ ಐದು ಜನರ ನೀರು ಕುಡಿಯುತ್ತೆ, ಇಪ್ಪತ್ತು ಮರ ಅಂದರೆ ನೂರು ಜೀವ, ಅಂತಾನೆ. ಹಾಗಾದರೆ ಕಿತ್ತುಹಾಕೋಣವೇ ಅಂತ ಕತೆಯ ನಾಯಕ ಹುಡುಗ ಕೇಳಿದರೆ ಬೇಡ, ಇವು ಪವಿತ್ರ ಅಂತಾನೆ. ಬರದ ವರ್ಷ ತಿಕೋಟಾ ಕಡೆ ದ್ರಾಕ್ಷಿ ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡು ಹಾಕುವ ರೈತರನ್ನು ನೋಡಿದವರಿಗೆ ಆ ಮಾಲಿಯ ಲೆಕ್ಕವೂ ಗೊತ್ತು, ಅವನ ಮೊಂಡುತನವೂ ಗೊತ್ತು. ಮುಂದೆ ಯುದ್ಧದಲ್ಲಿ ಆ ಮರಗಳು ಹೊತ್ತಿ ಉರಿಯುವಾಗ ಥಿಯೇಟರಿನಲ್ಲಿ ನನ್ನ ಹೊಟ್ಟೆಯಲ್ಲಿ ಸಂಕಟ ಆಯ್ತು. ಅಷ್ಟು ಸಂಕಟ ಯಾವ ಸೈನಿಕ ಸತ್ತಾಗಲೂ ಆಗಲಿಲ್ಲ. ಸ್ಟಾರ್ ವಾರ್ಸ್‌ನಲ್ಲೂ ಇದೆ ನೋಡಿ. 1977ರ ಮೊದಲ ಸಿನಿಮಾದಲ್ಲಿ ನಾಯಕ ಲ್ಯೂಕ್‌ನ ಕಾಕಾ ಮಾಡೋದು ಮರಳುಗಾಡಿನ ಗಾಳಿಯಿಂದ ತೇವ ಹಿಂಡಿ ತೆಗೆಯುವ ಬೇಸಾಯ. ಊರು ಬಿಟ್ಟು ಹೋಗ್ತೀನಿ ಅನ್ನೋ ಹುಡುಗನಿಗೆ ಇನ್ನೊಂದು ಸುಗ್ಗಿ ಮುಗಿಸಿ ಹೋಗು ಅಂತಾನೆ. ಮಕ್ಕಳಿಗೆ ಲೇಸರ್ ಕತ್ತಿ ನೆನಪಿರುತ್ತೆ. ನನಗೆ ಆ ಕಾಕಾ.

ಇಂಟರ್‌ಸ್ಟೆಲ್ಲರ್ (2014) ಬಗ್ಗೆ ಬರೆಯದಿದ್ದರೆ ಅರ್ಧ ಸಂಘ ನನ್ನ ಮೇಲೆ ಮುನಿಸಿಕೊಳ್ಳುತ್ತೆ. ಭೂಮಿ ಧೂಳು ಹಿಡಿದು ಹಾಳಾಗುತ್ತಿರುವಾಗ, ಮಕ್ಕಳನ್ನು ಇಲ್ಲೇ ಬಿಟ್ಟು ಬೇರೆ ಗ್ರಹ ಹುಡುಕಲು ಹೋಗುವ ಅಪ್ಪನ ಕತೆ. ಮೊದಲ ಮುಕ್ಕಾಲು ಗಂಟೆ ಅದ್ಭುತ. ಧೂಳು ಬೀಳುತ್ತೆ ಅಂತ ಊಟದ ಟೇಬಲ್ ಮೇಲೆ ತಾಟು ಡಬ್ಬು ಹಾಕಿಟ್ಟಿರ್ತಾರೆ. ನಮ್ಮ ಅವ್ವ ಏಪ್ರಿಲ್ ತಿಂಗಳಲ್ಲಿ ಹಾಗೇ ಹಾಕಿಡುತ್ತಿದ್ದಳು. ಧೂಳಿನ ಕಾಲ ನೆನೆಸಿಕೊಳ್ಳುವ ಮುದುಕರ ಮಾತುಗಳೂ ಅದರಲ್ಲಿವೆ. ಅವರಲ್ಲಿ ಹೆಚ್ಚಿನವರು 1930ರ ದಶಕದ ಅಮೆರಿಕದ ಧೂಳಿನ ಬರ ಕಂಡ ನಿಜವಾದ ಜನ, ಒಂದು ಸಾಕ್ಷ್ಯಚಿತ್ರದಿಂದ ತೆಗೆದುಕೊಂಡದ್ದು. ಆಮೇಲೆ ಆ ನೀರಿನ ಗ್ರಹ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ವಾಪಸ್ ಹಡಗಿಗೆ ಬರುವಷ್ಟರಲ್ಲಿ 23 ವರ್ಷ ಹೋಗಿರುತ್ತೆ. ಅಪ್ಪ ಕೂತು ಮಕ್ಕಳು ಕಳಿಸಿದ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡ್ತಾನೆ. ಮಗನ ಮದುವೆ, ಮೊಮ್ಮಗು, ಸಾವು, ಎಲ್ಲ ಹತ್ತು ನಿಮಿಷದಲ್ಲಿ. ಇದರ ಬಗ್ಗೆ ನಿಮಗೆ ನಾನು ಹೆಚ್ಚು ಹೇಳಬೇಕಿಲ್ಲ ಅಲ್ವಾ? ಭಾನುವಾರ ರಾತ್ರಿ ವಾಟ್ಸಪ್ ತೆರೆದು ಕೂರುವವರು ನಾವೆಲ್ಲ. ಕೊನೆಯಲ್ಲಿ ಪುಸ್ತಕದ ಕಪಾಟಿನ ಹಿಂದೆ ಹೋಗಿ ಪ್ರೀತಿಯೇ ಎಲ್ಲ ದಾಟಿಸುತ್ತೆ ಅಂತ ವಿವರಣೆ ಕೊಡ್ತಾರಲ್ಲ, ಅದನ್ನು ನಾನು ಒಪ್ಪಲ್ಲ. ಆ ವಿಡಿಯೋ ದೃಶ್ಯ ಎಲ್ಲವನ್ನೂ ಆಗಲೇ ಹೇಳಿಬಿಟ್ಟಿತ್ತು.

ದಿ ಮಾರ್ಷಿಯನ್ (2015) ಮಂಗಳದಲ್ಲಿ ಒಬ್ಬನೇ ಉಳಿದುಹೋದವನು ನೀರು ಹೇಗೆ ಮಾಡಿದ ಅಂತ ರಾಕೆಟ್ ಇಂಧನದಿಂದ ಹಿಡಿದು ತೋರಿಸುತ್ತೆ, ಅದಕ್ಕೇ ಅದು ಇಷ್ಟ. ಆದರೆ ಅದರ ಶುರುವಿನ ಬಿರುಗಾಳಿ ಸುಳ್ಳು. ಮಂಗಳದ ಗಾಳಿ ಭೂಮಿಯ ನೂರರಲ್ಲಿ ಒಂದು ಪಾಲಿನಷ್ಟು ತೆಳು, ರಾಕೆಟ್ ಉರುಳಿಸುವ ಶಕ್ತಿ ಅದಕ್ಕಿಲ್ಲ. ಸೂಪರ್‌ಹೀರೋ ಸಿನಿಮಾಗಳನ್ನು ನಾನು ಈ ಲೆಕ್ಕಕ್ಕೇ ಸೇರಿಸಲ್ಲ.

ನಮ್ಮ ದೇಶದ ಸಿನಿಮಾಗಳಲ್ಲಿ ಕಲ್ಕಿ 2898 ಎಡಿ (2024) ಶುರುವಿನಲ್ಲಿ ಸರಿಯಾದ ಜಾಗಕ್ಕೇ ಕೈ ಹಾಕಿತ್ತು. ಗಂಗೆ ಬತ್ತಿದೆ, ಕಾಶಿ ಒಣಗಿದೆ, ನೀರು ಹಸಿರು ಎಲ್ಲ ಮೇಲೆ ತೇಲುವ ಕಾಂಪ್ಲೆಕ್ಸ್‌ನವರ ಪಾಲು. ಕೆಳಗಿನ ಜನ ಹೇಗೆ ಬದುಕ್ತಾರೆ ಅಂತ ಇನ್ನೂ ಅರ್ಧ ಗಂಟೆ ತೋರಿಸಬೇಕಿತ್ತು. ಹೊಡೆದಾಟಕ್ಕೆ ಬೇಗ ಹೋಗಿಬಿಟ್ಟರು. ಕನ್ನಡದಲ್ಲಿ 2002ರಲ್ಲೇ ಉಪೇಂದ್ರ ರೋಬೋ ಆಗಿ ನಟಿಸಿದ ಹಾಲಿವುಡ್ ಅನ್ನೋ ಸಿನಿಮಾ ಬಂದಿತ್ತು. 2024ರ ಬ್ಲಿಂಕ್ ದೊಡ್ಡ ಸೆಟ್ಟು, ದೊಡ್ಡ ಸ್ಟಾರ್ ಯಾವುದೂ ಇಲ್ಲದೆ ಕಾಲಪ್ರಯಾಣದ ಕತೆಯನ್ನು ಧೈರ್ಯವಾಗಿ ಹೇಳಿತು. ಕನ್ನಡದ ಹುಡುಗರಿಗೆ ಇದು ಸಾಧ್ಯ ಅಂತ ತೋರಿಸಿದ್ದಕ್ಕೆ ಆ ತಂಡಕ್ಕೆ ನಾನು ಋಣಿ.

ಆದರೆ ನನಗೆ ಬೇಕಾದ ಸಿನಿಮಾ ಇನ್ನೂ ಬಂದಿಲ್ಲ. ಅದು ನಡೆಯಬೇಕಾದದ್ದು ನಮ್ಮೂರಲ್ಲಿ. ಸ್ಟುಡಿಯೋ ಯಾಕೆ ಬೇಕು? 1656ರ ಹೊತ್ತಿಗೆ ಮುಗಿದ ಗೋಲಗುಮ್ಮಟ ಇದೆ, ಹೊರಗಿನ ಅಳತೆ 44 ಮೀಟರ್ ಅಗಲದ ಗುಮ್ಮಟ, ಒಳಗೆ ಒಂದು ಕಂಬ ಇಲ್ಲ. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಆಚೆ ಬದಿಯ ಗೋಡೆಗೆ ಕಿವಿ ಇಟ್ಟವರಿಗೆ ಕೇಳುತ್ತೆ. ಯಾವ ಸ್ಪೇಸ್‌ಶಿಪ್‌ನಲ್ಲಿದೆ ಇಂಥದ್ದು? ಅದಕ್ಕಿಂತ ದೊಡ್ಡದು ನೆಲದ ಕೆಳಗಿದೆ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿ ಕಡೆಯಿಂದ ಸುರಂಗದಲ್ಲಿ, ಬೇಗಂ ತಲಾಬ್‌ನಿಂದ ಕೊಳವೆಯಲ್ಲಿ ಊರೊಳಗೆ ನೀರು ಬರುತ್ತಿತ್ತು. ಒತ್ತಡ ಹತೋಟಿಯಲ್ಲಿಡಲು ದಾರಿಯುದ್ದಕ್ಕೂ ಕಲ್ಲಿನ ಗಂಜ್ ಗೋಪುರ ಕಟ್ಟಿದ್ದರು, ಕೆಲವು ಇವತ್ತಿಗೂ ನಿಂತಿವೆ. ಪಂಪ್ ಇಲ್ಲ, ಕರೆಂಟಿಲ್ಲ, ಬರೀ ಇಳಿಜಾರಿನ ಲೆಕ್ಕ. ತಾಜ್ ಬಾವಡಿಯ ಮೆಟ್ಟಿಲ ಮೇಲೆ ನಿಂತು ಎಷ್ಟೋ ಸಲ ಅಂದುಕೊಂಡಿದ್ದೇನೆ, 2300ನೇ ಇಸವಿಯ ವಿಜಯಪುರ, ಮೇಲೆ ಬದುಕಲು ಆಗದಷ್ಟು ಬಿಸಿಲು, ಜನ ಹಳೇ ಸುರಂಗಗಳನ್ನು ಹುಡುಕಿ ತೆಗೆದು ಮತ್ತೆ ನೀರು ಹರಿಸ್ತಾರೆ. ಒಬ್ಬಳು ಹುಡುಗಿ ಆ ಸುರಂಗಗಳ ನಕ್ಷೆ ಬಲ್ಲವಳು. ಜವಾರಿ ಕನ್ನಡದಲ್ಲಿ ಮಾತಾಡಲಿ. ಯಾರಾದರೂ ಸಿನಿಮಾದವರು ಇದನ್ನು ಓದಿದರೆ ತೆಗೆದುಕೊಳ್ಳಿ, ಕತೆಗೆ ನಾನು ಏನೂ ಕೇಳಲ್ಲ.

ಅಂದಹಾಗೆ ಹುಡುಗನಿಗೆ ನಾನು ಹೇಳಿದ್ದು ನಿಜವಾದ ಉತ್ತರ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧ ಮಾಡಿ ಮತ್ತೆ ಕುಡೀತಾರೆ. 2023ರಲ್ಲಿ ನೂರಕ್ಕೆ 98ರಷ್ಟು ನೀರನ್ನು ಹೀಗೆ ವಾಪಸ್ ಪಡೆಯುವ ಮಟ್ಟ ಮುಟ್ಟಿದರು. "ಛೀ" ಅಂದ, ಎರಡು ನಿಮಿಷ ಯೋಚಿಸಿದ, "ಮತ್ತೆ ಉಳಿದ ಎರಡು?" ಅಂದ. ಅದನ್ನು ಭೂಮಿಯಿಂದ ಹೊತ್ತು ಒಯ್ಯಬೇಕು ಕಣೋ, ಅಂದೆ.

ಜಾಗ ಮುಗೀತಾ ಬಂತು, ಪ್ರಕಟಣೆಗಳು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಸಂಜೆ ನಾಲ್ಕಕ್ಕೆ ಸರಿಯಾಗಿ, ಎಂದಿನ ಹಾಲ್‌ನಲ್ಲೇ. ಕುರ್ಚಿ ಹಾಕುವವರು ಎರಡಕ್ಕೇ ಬನ್ನಿ. ಊಟ ಈ ಸಲ ಉತ್ತರ ಕರ್ನಾಟಕದ್ದು: ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಜುಣಕ, ಗೋಧಿ ಹುಗ್ಗಿ. ರೊಟ್ಟಿ ಬಡಿಯಲು ಇನ್ನೂ ಮೂರು ಜನ ಬೇಕು, ಕಲಿಯುವ ಆಸೆ ಇದ್ದರೂ ಸಾಕು. ಛದ್ಮವೇಷಕ್ಕೆ ಹೆಸರು ಕೊಡಲು ಕೊನೆ ದಿನ ಬರುವ ಬುಧವಾರ. ಶನಿವಾರದ ಕನ್ನಡ ತರಗತಿಗೆ ಎರಡನೇ ಹಂತಕ್ಕೆ ಶಿಕ್ಷಕರಿಲ್ಲ, ಹದಿನಾಲ್ಕು ಮಕ್ಕಳು ಕಾಯುತ್ತಿದ್ದಾರೆ. ಸದಸ್ಯತ್ವ ನವೀಕರಣ ಡಿಸೆಂಬರ್ ಕೊನೆಯೊಳಗೆ. ಲೈಬ್ರರಿ ಪುಸ್ತಕ ಹಿಂತಿರುಗಿಸಿ, ದಯವಿಟ್ಟು.

ಇನ್ನೊಂದು. ಈ ಸುದ್ದಿಪತ್ರದ ಪುಟ ಕಟ್ಟುತ್ತಿದ್ದವರು ಆಗಸ್ಟಿನಲ್ಲಿ ಜಮಖಂಡಿಗೆ ಮರಳಿದರು, ಅಪ್ಪ-ಅಮ್ಮನ ಜೊತೆ ಇರಲು. ಅವರಿಗೆ ಒಳ್ಳೆಯದಾಗಲಿ. ಆವತ್ತಿನಿಂದ ಟೈಪಿಂಗ್, ಪುಟ ವಿನ್ಯಾಸ, ಕರಡು ತಿದ್ದುವುದು, ಅಂಚೆ ಚೀಟಿ ಅಂಟಿಸುವುದು ಎಲ್ಲ ಒಬ್ಬಳ ಮೇಲೇ ಬಿದ್ದಿದೆ. ಕೆಲಸ, ಮನೆ ಮುಗಿಸಿ ರಾತ್ರಿ ಕೂರಬೇಕು. ಎರಡು ಸಂಚಿಕೆ ಹೇಗೋ ಬಂತು, ಯುಗಾದಿ ಸಂಚಿಕೆ ಒಬ್ಬಳಿಂದ ಆಗಲ್ಲ. ತಿಂಗಳಿಗೆ ಎರಡು ಸಂಜೆ ಕೊಡುವ ಒಬ್ಬರು ಸಿಕ್ಕರೂ ಸಾಕು. ಕನ್ನಡ ಟೈಪಿಂಗ್ ಬರದಿದ್ದರೆ ನಾನೇ ಕಲಿಸ್ತೀನಿ. ರಾಜ್ಯೋತ್ಸವದ ದಿನ ಚಹಾದ ಟೇಬಲ್ ಹತ್ತಿರ ಇರ್ತೀನಿ, ಬಂದು ಹೇಳಿ.

ಯುಗಾದಿ ಸಂಚಿಕೆಗೆ ಮಕ್ಕಳಿಂದ ಕತೆ ಬೇಕು. ವಿಷಯ: ನಮ್ಮ ಅಜ್ಜಿಯ ಊರು, 2100ನೇ ಇಸವಿಯಲ್ಲಿ. ಎರಡು ಪುಟ ಮೀರದಿರಲಿ, ಕನ್ನಡದಲ್ಲಿ, ಚಿತ್ರ ಬರೆದರೆ ಇನ್ನೂ ಒಳ್ಳೆಯದು. ಕಾಗುಣಿತ ತಪ್ಪಿದರೆ ಪರವಾಗಿಲ್ಲ, ದೊಡ್ಡವರು ತಿದ್ದಿ ಬರೆದುಕೊಡಬೇಡಿ. ರಾಕೆಟ್ ಇರಲಿ, ರೋಬೋ ಇರಲಿ, ಏನಾದರೂ ಇರಲಿ, ಆದರೆ ಆ ಊರಿಗೆ ನೀರು ಎಲ್ಲಿಂದ ಬರುತ್ತೆ ಅನ್ನೋದು ಕತೆಯಲ್ಲಿ ಇರಲೇಬೇಕು. ಫೆಬ್ರುವರಿ 15ರೊಳಗೆ ಸಂಘದ ವಿಳಾಸಕ್ಕೆ ಕಳಿಸಿ, ಬಂದದ್ದನ್ನೆಲ್ಲ ಹಾಕ್ತೀವಿ.